ಪ್ರೋಟಿಯೇಸ್ ಇನ್ಹಿಬಿಟರ್ ಮಾತ್ರೆ: ನಾಲ್ಕು ತಿಂಗಳು ಬಳಸಿ ನೋಡಿದ್ದು

ಇದು ನುಂಗುವ ಮಾತ್ರೆಯಲ್ಲ, ಲ್ಯಾಬಿನಲ್ಲಿ ಪ್ರೋಟೀನ್ ತುಂಡಾಗದಂತೆ ದ್ರಾವಣಕ್ಕೆ ಹಾಕುವುದು. ಮೊದಲು ಬ್ಲಾಟ್ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ, ಬೇಕಾದದ್ದನ್ನು ಗೆರೆಯಾಗಿ ತೋರಿಸುವ ಪರೀಕ್ಷೆ) ವಿಷಯ ಹೇಳಿಬಿಡುತ್ತೇನೆ. ಮಾತ್ರೆ ಹಾಕದ ಲೇನ್‌ನಲ್ಲಿ 62 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ಒಂದು ಮಸುಕು ಗೆರೆ, ಅದರ ಕೆಳಗೆ ಮೂರು ನಾಲ್ಕು ತುಂಡು, ಇನ್ನೂ ಕೆಳಗೆ ಬರೀ ಮಬ್ಬು. ಹಾಕಿದ ಲೇನ್‌ನಲ್ಲಿ ಒಂದೇ ಗೆರೆ, ದಪ್ಪಗೆ, ಕಡುಕಪ್ಪು. ಎರಡೂ ಒಂದೇ ಮೇಕೆ ಲಿವರ್. ಬೆಳಗ್ಗೆ ಪುಣೆ ಕ್ಯಾಂಪಿನ ಶಿವಾಜಿ ಮಾರ್ಕೆಟ್‌ನಿಂದ ಐಸಿನಲ್ಲಿಟ್ಟು ಪಾಷಾಣ್‌ನ ನಮ್ಮ ಲ್ಯಾಬಿನವರೆಗೆ ತಂದದ್ದು.

ಜೀವಕೋಶ ಒಡೆದ ಕೂಡಲೇ ಲೈಸೋಸೋಮ್ ಎಂಬ ಚೀಲದ ಒಳಗೆ ಕಟ್ಟಿಹಾಕಿದ್ದ ಕತ್ತರಿಗಳೆಲ್ಲ (ಪ್ರೋಟಿಯೇಸ್ ಅಂದರೆ ಇವೇ, ಪ್ರೋಟೀನ್ ಕತ್ತರಿಸುವ ಕಿಣ್ವಗಳು) ಹೊರಗೆ ಬರುತ್ತವೆ, ಸಿಕ್ಕ ಪ್ರೋಟೀನನ್ನೆಲ್ಲ ಕತ್ತರಿಸುತ್ತವೆ. ಲಿವರ್‌ನಲ್ಲಂತೂ ಇವು ಜಾಸ್ತಿ. ಇವನ್ನು ತಡೆಯುವ ಇನ್ಹಿಬಿಟರ್ ಕೆಲಸ ಏನು ಅಂದ್ರೆ, ನಮ್ಮ ಶಿರಸಿ ಕಡೆ ಹಲಸಿನ ಹಣ್ಣು ಕೊಯ್ಯುವಾಗ ಈಳಿಗೆಗೆ ಮೇಣ ಹತ್ತುತ್ತದಲ್ವಾ, ಹಾಗೆ ಕತ್ತರಿಯ ಬಾಯಿಗೇ ಹೋಗಿ ಕೂರುವುದು. ಕೆಲವು ಬಿಡುವುದೇ ಇಲ್ಲ: ಪಿಎಂಎಸ್‌ಎಫ್ ಎಂಬ ಇನ್ಹಿಬಿಟರ್, ಸೆರೀನ್ ಪ್ರೋಟಿಯೇಸ್‌ನ (ಸೆರೀನ್ ಎಂಬ ಅಮೈನೋ ಆಮ್ಲದಿಂದ ಕತ್ತರಿಸುವ ಬಗೆ) ಕತ್ತರಿಸುವ ಸೆರೀನ್‌ಗೇ ಅಂಟಿಕೊಂಡುಬಿಡುತ್ತದೆ. ಕೆಲವು ಕೂತು ಎದ್ದು ಹೋಗುತ್ತವೆ. 1969ರಲ್ಲಿ ಜಪಾನಿನ ಹಮಾವೊ ಉಮೆಜಾವಾ ತಂಡ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ ಹೊರತೆಗೆದ ಲ್ಯುಪೆಪ್ಟಿನ್ ಅಂಥದ್ದು. ಅದು ಸೆರೀನ್ ಕತ್ತರಿಗಳನ್ನೂ ಸಿಸ್ಟೀನ್ ಕತ್ತರಿಗಳನ್ನೂ ತಡೆಯುತ್ತದೆ. ಲೋಹವನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ ಬಾಯಿಗೆ ಕೈ ಹಾಕುವುದಿಲ್ಲ, ಲೋಹದ ಕತ್ತರಿಗಳಿಗೆ ಬೇಕಾದ ಸತುವನ್ನೇ ಕಿತ್ತುಕೊಳ್ಳುತ್ತದೆ.

ಮುಂಚೆ ನಾವು ಬರೀ ಪಿಎಂಎಸ್‌ಎಫ್ ಹಾಕುತ್ತಿದ್ದೆವು. ಅಗ್ಗ, ಆದರೆ ವಿಷ, ಮತ್ತೆ ನೀರಿನಲ್ಲಿ ಬಾಳುವುದಿಲ್ಲ. ಪಿಎಚ್ 8ರ ಬಫರ್‌ನಲ್ಲಿ (ಹುಳಿ-ಕ್ಷಾರದ ಮಟ್ಟ ಬದಲಾಗದಂತೆ ಹಿಡಿದಿಡುವ ದ್ರಾವಣ), 25 ಡಿಗ್ರಿಯಲ್ಲಿ, 35 ನಿಮಿಷಕ್ಕೆ ಅರ್ಧ ಖಾಲಿ. ಸುಮ್ನೆ ಬೆಳಗ್ಗೆ ಒಮ್ಮೆ ಹಾಕಿ ಮಧ್ಯಾಹ್ನದವರೆಗೆ ನಂಬಿಕೊಂಡು ಕೂರುವ ಹಾಗಿಲ್ಲ. ಮಾತ್ರೆಯಲ್ಲಿ ಆ ತಾಪತ್ರಯ ಇಲ್ಲ. 10 ಮಿಲಿ ಬಫರ್‌ಗೆ ಒಂದು, ಎರಡು ನಿಮಿಷ ಅಲ್ಲಾಡಿಸಿದರೆ ಕರಗುತ್ತದೆ. ಕೆಲಸ ಕಡಿಮೆ ಇದ್ದ ದಿನ ಒಂದು ಮಾತ್ರೆಯನ್ನು 1 ಮಿಲಿ ನೀರಿನಲ್ಲಿ ಕರಗಿಸಿ, ಚಿಕ್ಕ ಟ್ಯೂಬ್‌ಗಳಿಗೆ ಹಂಚಿ ಮೈನಸ್ 20ರಲ್ಲಿ ಇಡುತ್ತೇನೆ.

ಈಗ ಬೇಜಾರಿನ ಮಾತು. ನಾನು ಕೇಳಿದ್ದು ಇಡಿಟಿಎ ಇಲ್ಲದ ಡಬ್ಬಿ, ಮಾರುವವರು ಕಳಿಸಿದ್ದು ಇರುವ ಡಬ್ಬಿ. ಎರಡರ ಬಣ್ಣವೂ ಹೆಚ್ಚುಕಮ್ಮಿ ಒಂದೇ. ನಿಕಲ್ ಕಾಲಂಗೆ (ಹಿಸ್ಟಿಡಿನ್ ಟ್ಯಾಗ್ ಎಂಬ ಬಾಲ ಇರುವ ಪ್ರೋಟೀನನ್ನು ನಿಕಲ್‌ನಿಂದ ಹಿಡಿದಿಡುವ ಕೊಳವೆ) ಲೈಸೇಟ್, ಅಂದರೆ ಒಡೆದ ಜೀವಕೋಶಗಳ ರಸ, ಸುರಿದಾಗ ಮೇಲಿನಿಂದ ನೀಲಿ ಬಣ್ಣ ಇಳಿಯುತ್ತಾ ಹೋಗಿ ಕಾಲಂ ಬಿಳಿಯಾಯಿತು. ನಿಕಲ್ ಎಲ್ಲ ಇಡಿಟಿಎ ಜೊತೆ ತೊಳೆದುಹೋಯಿತು, ಹಿಸ್ಟಿಡಿನ್ ಟ್ಯಾಗ್ ಇದ್ದ ನನ್ನ ಪ್ರೋಟೀನೂ ಹೋಯಿತು. ಮೂರು ದಿನದ ಕೆಲಸ. ಫೋನ್ ಮಾಡಿದ ಮೇಲೆ ಡಬ್ಬಿ ಬದಲಿಸಿ ಕೊಟ್ಟರು, ಸರಿ, ಆದರೆ ಮೂರು ದಿನ ಯಾರು ಕೊಡುತ್ತಾರೆ? ದಯವಿಟ್ಟು ಡಬ್ಬಿ ತೆಗೆಯುವ ಮುಂಚೆ ಚೀಟಿ ಓದಿ.

ಇನ್ನೊಂದು: ಇಡಿಟಿಎ ಇಲ್ಲದ ಈ ಮಾತ್ರೆ ಲೋಹದ ಕತ್ತರಿಗಳನ್ನು ತಡೆಯುವುದಿಲ್ಲ. ಕೆಥೆಪ್ಸಿನ್ ಡಿಯಂಥ ಆಸ್ಪಾರ್ಟಿಕ್ ಕತ್ತರಿಗಳಿಗೂ ಇದರಲ್ಲಿ ಏನೂ ಇಲ್ಲ. ಹುಳಿ ಬಫರ್‌ನಲ್ಲಿ ಕೆಲಸ ಮಾಡುವವರು ಇವನ್ನು ತಡೆಯುವ ಪೆಪ್‌ಸ್ಟಾಟಿನ್ ಬೇರೆಯಾಗಿ ಹಾಕಲೇಬೇಕು. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿಕೊಳ್ಳಿ.

ಪುಣೆಯ ಜುಲೈ ತೇವಕ್ಕೆ ಡಬ್ಬಿ ಜಾಸ್ತಿ ಹೊತ್ತು ತೆರೆದಿಡಬೇಡಿ, ಒಂದು ಮಾತ್ರೆ ಬೆರಳಿಗೇ ಅಂಟಿ ಪುಡಿಯಾಯಿತು. ಬೆಲೆ ನಿಜಕ್ಕೂ ಜಾಸ್ತಿ. ಆದರೂ ಐದಕ್ಕೆ ನಾಲ್ಕು ಕೊಡುತ್ತೇನೆ. ಮುಂದಿನ ಡಬ್ಬಿಯನ್ನು ಪಕ್ಕದ ಲ್ಯಾಬಿನವರ ಜೊತೆ ಅರ್ಧರ್ಧ ಹಾಕಿಕೊಂಡು ತರಿಸುತ್ತಿದ್ದೇವೆ.