ಹೇಂಟೆ, ಬಲ್ಬು, ಬಟ್ಟೆ ಪೆಟ್ಟಿಗೆ: ಯಾವ ಮರಿ ಬೇಗ ಸುಧಾರಿಸಿಕೊಳ್ಳುತ್ತದೆ?

ನಾಟಿ ಕೋಳಿ ಸಾಕುವವರ ನಡುವೆ ಈ ವಾದ ಮುಗಿಯುವುದೇ ಇಲ್ಲ. ಮರಿಗಳನ್ನು ಹೇಂಟೆ ಜೊತೆ ಬಿಡಬೇಕಾ, ಬಲ್ಬಿನ ಕೆಳಗೆ ಇಡಬೇಕಾ? ಹೊಸನಗರ ಕಡೆಯ ನಮ್ಮ ತೋಟದ ಮನೆಯಲ್ಲಿ ಎರಡನ್ನೂ ಮಾಡಿ ನೋಡಿದ್ದೇನೆ, ನಡುವಿನ ಇನ್ನೊಂದು ದಾರಿಯನ್ನೂ. ಮೊಟ್ಟೆಗಳೆಲ್ಲ ನಮ್ಮ ಅಂಗಳದ ಕೋಳಿಗಳದ್ದೇ. ಬೇರೆಯಾಗಿದ್ದು ಮೊದಲ ಕೆಲವು ವಾರ ಮರಿಗಳು ಬೆಳೆದ ರೀತಿ.

ಎಷ್ಟು ಉಳಿದವು, ಎಷ್ಟು ತೂಕ ಬಂತು ಅಂತ ಎಲ್ಲರೂ ಕೇಳುತ್ತಾರೆ. ನನಗೆ ಬೇಕಿದ್ದದ್ದು ಬೇರೆ: ಬೆಳೆದ ಮೇಲೆ ಎಷ್ಟು ಬೆದರುತ್ತವೆ, ಬೆದರಿದ ಮೇಲೆ ಎಷ್ಟು ಬೇಗ ಸಮಾಧಾನ ಆಗುತ್ತವೆ?

ಉಳಿಯುವ ಲೆಕ್ಕದಲ್ಲಿ ಬಲ್ಬೇ ಮುಂದೆ. ಹದ್ದು, ಮುಂಗುಸಿ ಕಾಟ ಇಲ್ಲ. ಮೊದಲ ವಾರ ಸುಮಾರು 35 ಡಿಗ್ರಿ ಕಾವು ಕೊಟ್ಟು, ಆಮೇಲೆ ವಾರಕ್ಕೆ 3 ಡಿಗ್ರಿಯಷ್ಟು ಇಳಿಸುತ್ತಾ ಹೋದರಾಯಿತು. ಆಷಾಢದ ಮಳೆಗೆ ಕರೆಂಟ್ ಹೋದರೆ ಮಾತ್ರ ಪರದಾಟ. ಮರಿಗಳು ಕೈಗೂ ಚೆನ್ನಾಗಿ ಹೊಂದಿಕೊಳ್ಳುತ್ತವೆ, ನುಚ್ಚು ಹಿಡಿದರೆ ಅಂಗೈ ಮೇಲೇ ಹತ್ತುತ್ತವೆ. ಆದರೆ ಹಗಲೂ ರಾತ್ರಿ ಬೆಳಕು. ಒಂದು ಮಲಗಿದರೆ ಇನ್ನೊಂದು ಅದನ್ನು ತುಳಿದು ಓಡುತ್ತದೆ, ಹೋಗುವಾಗ ಪುಕ್ಕಕ್ಕೊಂದು ಕುಕ್ಕು. ಅದೇ ಚಟ ಆಗುತ್ತದೆ.

ವ್ಯತ್ಯಾಸ ಕಂಡದ್ದು ಅಡಿಕೆ ಒಣಗಿಸುವ ಹೊತ್ತಿಗೆ. ಅಂಗಳದಲ್ಲಿ ನೀಲಿ ಟಾರ್ಪಾಲು ಬಿಚ್ಚಿದಾಗ ಗಾಳಿಗೆ ಪಟಪಟ ಎಂದಿತು. ಹೇಂಟೆ ಬೆಳೆಸಿದವು ದಿಕ್ಕಾಪಾಲಾಗಿ ಕಾಫಿ ಗಿಡಗಳ ಬುಡ ಸೇರಿದವು. ಸ್ವಲ್ಪ ಹೊತ್ತಿಗೇ ವಾಪಸ್ ಬಂದು ಟಾರ್ಪಾಲಿನ ಅಂಚಲ್ಲೇ ದರಗು ಕೆದಕತೊಡಗಿದವು. ಬಲ್ಬಿನವು ಗೂಡಿನ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು, ಸಂಜೆವರೆಗೂ ಕಾಳಿಗೂ ಇಳಿಯಲಿಲ್ಲ. ಕೈ ಮೇಲೆ ಹತ್ತುತ್ತಿದ್ದವೂ ಇವೇ! ಸಾಧು ಇದ್ದ ಮಾತ್ರಕ್ಕೆ ಧೈರ್ಯ ಇದೆ ಅಂತಲ್ಲ.

ಇನ್ನೊಂದು ಪರೀಕ್ಷೆ ಸಂಶೋಧಕರೂ ಮಾಡುವಂಥದ್ದು. ಕೋಳಿಯನ್ನು ಅಂಗಾತ ಮಲಗಿಸಿ, ಎದೆ ಮೇಲೆ ಮೆತ್ತಗೆ ಕೈಯಿಟ್ಟು, ಆಮೇಲೆ ಬಿಟ್ಟುಬಿಡುವುದು. ಅದು ಕಾಲು ಸೆಟೆದು, ಸತ್ತಂತೆ ಬಿದ್ದಿರುತ್ತದೆ. ಹೆಚ್ಚು ಹೊತ್ತು ಬಿದ್ದಿದ್ದರೆ ಭಯ ಜಾಸ್ತಿ ಎಂದು ಲೆಕ್ಕ. ಹೇಂಟೆಯ ಮರಿಗಳು ಬೇಗ ಎದ್ದು ಓಡಿದವು. ಹಿಡಿಯುವುದೇ ಕಷ್ಟವಾಗಿತ್ತು ಅನ್ನಿ. ಬಲ್ಬಿನವು ಹಾಗೇ ಬಿದ್ದಿದ್ದವು.

ಇದು ನನ್ನ ಅಂಗಳದ ಕತೆ ಮಾತ್ರ ಅಲ್ಲ. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ತಂಡ 1997ರಲ್ಲಿ ಇಲಿಗಳ ಬಗ್ಗೆ ಇಂಥದ್ದೇ ವಿಷಯ ಹೇಳಿತು. ತಾಯಿ ಹೆಚ್ಚು ನೆಕ್ಕಿ ಸಾಕಿದ ಮರಿಗಳಿಗೆ, ಬೆಳೆದ ಮೇಲೆ ಗಾಬರಿಯಾದಾಗ ಒತ್ತಡದ ಹಾರ್ಮೋನು ಅಷ್ಟು ಏರುತ್ತಿರಲಿಲ್ಲ. ಆ ಹಾರ್ಮೋನನ್ನು ಗುರುತಿಸಿ 'ಸಾಕು, ನಿಲ್ಲಿಸು' ಎನ್ನುವ ಗ್ರಾಹಕಗಳು ಅವುಗಳ ಮಿದುಳಲ್ಲಿ ಜಾಸ್ತಿ ಇದ್ದವು. ಅದೇ ತಂಡ ಆಮೇಲೆ ಮಾಡಿದ ಪ್ರಯೋಗದಲ್ಲಿ, ಕಡಿಮೆ ನೆಕ್ಕುವ ತಾಯಿಯ ಮರಿಯನ್ನು ಹೆಚ್ಚು ನೆಕ್ಕುವ ತಾಯಿ ಸಾಕಿದಾಗ, ಮರಿ ಸಾಕಿದವಳ ಹಾಗೇ ಆಯಿತು. ಅಂದರೆ ಬರೀ ರಕ್ತದ ಗುಣ ಅಲ್ಲ. ಕೋಳಿ ನೆಕ್ಕುವುದಿಲ್ಲ, ನಿಜ. ಆದರೆ ತಾಯಿ ಸಾಕಿದ ಕೋಳಿಗಳಲ್ಲಿ ಭಯವೂ ಕುಕ್ಕಾಟವೂ ಕಡಿಮೆ ಎಂದು ಕೋಳಿಗಳ ಅಧ್ಯಯನಗಳಲ್ಲೂ ಕಂಡಿದೆ.

ಮೂರನೆಯದು ಬಟ್ಟೆ ಪೆಟ್ಟಿಗೆ. ರಟ್ಟಿನ ಪೆಟ್ಟಿಗೆ ಬೇಡ, ಮರದ್ದೇ ಇರಲಿ. ಒಳಗೆ ಕಾವು, ಬಾಗಿಲಿಗೆ ಹಳೇ ಪಂಚೆಯ ಪಟ್ಟಿಗಳು. ಮಲಗುವವು ಕತ್ತಲಲ್ಲಿ, ತಿನ್ನುವವು ಹೊರಗೆ. ಹೇಂಟೆಯ ರೆಕ್ಕೆ ಮಾಡುವ ಕೆಲಸವೂ ಅರ್ಧ ಇದೇ ಅಲ್ವಾ? ಬಲ್ಬಿಗೆ ತಗಡಿನ ಡಬ್ಬಿ ಮುಚ್ಚಿ, ಬಟ್ಟೆ ಹತ್ತಿರಕ್ಕೂ ಬರದಂತೆ ಕಟ್ಟಬೇಕು, ಇಲ್ಲದಿದ್ದರೆ ಬೆಂಕಿ. ಕುಕ್ಕಾಟ ಹೆಚ್ಚುಕಮ್ಮಿ ನಿಂತೇ ಹೋಯಿತು. ಟಾರ್ಪಾಲಿಗೆ ಬೆದರಿದವು, ಮಧ್ಯಾಹ್ನಕ್ಕೆ ಇಳಿದು ಬಂದವು. ಹದ್ದಿನ ನೆರಳಿಗೆ ಓಡಿ ಅಡಗಲು ಮಾತ್ರ ತಡ ಮಾಡುತ್ತವೆ, ಜೊತೆಗೆ ಕೂಗಿ ಎಚ್ಚರಿಸುವ ತಾಯಿ ಇಲ್ಲ.

ಅಂಗಳ, ತೋಟದಲ್ಲಿ ಬಿಟ್ಟು ಸಾಕುವವರಿಗೆ ಹೇಂಟೆಯೇ ಸರಿ, ನಾಲ್ಕು ಮರಿ ಹೋದರೂ. ಜೋರು ಮಳೆಯಲ್ಲಿ ಮೊದಲ ವಾರ ತಾಯಿ ಸಮೇತ ಬುಟ್ಟಿಯಡಿ ಇಡಿ. ಹೇಂಟೆ ಕಾವಿಗೆ ಕೂರದ ಕಾಲಕ್ಕೆ ಬಟ್ಟೆ ಪೆಟ್ಟಿಗೆ. ಬರೀ ಬಲ್ಬನ್ನು ನಾನಂತೂ ಬಿಟ್ಟಿದ್ದೇನೆ.