ಲಾವೇವ್: ಡಿಎಲ್‌ಸಿ ಕೋಟಿಂಗ್ ಮಾಡುವವನೊಬ್ಬನ ರಿವ್ಯೂ

ಡಿಎಲ್‌ಸಿ (ಡೈಮಂಡ್-ಲೈಕ್ ಕಾರ್ಬನ್, ವಜ್ರದಂಥ ಇಂಗಾಲದ ತೆಳು ಪದರ) ಕೋಟಿಂಗ್‌ನ ದೊಡ್ಡ ತಲೆನೋವು ಅಂದರೆ, ಕೆಟ್ಟ ಬ್ಯಾಚೂ ಒಳ್ಳೆಯ ಬ್ಯಾಚಿನ ಹಾಗೇ ಕಾಣುತ್ತದೆ. ಅದೇ ಕಪ್ಪು, ಅದೇ ಹೊಳಪು, ಅದೇ ದಪ್ಪ. ಕೋಟಿಂಗ್ ಹಾಕುವಾಗ ಬಿಸಿ ಜಾಸ್ತಿಯಾದರೆ ವಜ್ರದಂಥ ಬಂಧಗಳು ಕಡಿಮೆಯಾಗಿ ಇಂಗಾಲ ಗ್ರಾಫೈಟ್ ಕಡೆ ವಾಲುತ್ತದೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಪೀಣ್ಯದಲ್ಲಿದ್ದಾಗ ನಮ್ಮ ಹತ್ತಿರ ಇದ್ದದ್ದು ಗುಂಡು ಉಜ್ಜಿ ದಪ್ಪ ನೋಡುವ ಕ್ಯಾಲೋಟೆಸ್ಟ್, ಅಂಟು ನೋಡಲು ರಾಕ್‌ವೆಲ್ ಗುಳಿ, ಅಷ್ಟೇ. ಈಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಇದೇ ಕೆಲಸ. ಇಲ್ಲಿ ಲೇಸರ್ ಮತ್ತು ಶಬ್ದದ ಅಲೆಯಿಂದ ಕೋಟಿಂಗ್ ಎಷ್ಟು ಬಿಗಿ ಅಂತ ಅಳೆಯುವ ಲಾವೇವ್ ಕೈಗೆ ಸಿಕ್ಕಿದೆ. ಈ ಊರಿನ ಫ್ರೌನ್‌ಹೋಫರ್ ಐಡಬ್ಲ್ಯುಎಸ್ ಸಂಸ್ಥೆಯೇ ರೂಪಿಸಿದ ಯಂತ್ರ ಇದು.

ಒಳಗಿರುವುದು 337 ನ್ಯಾನೊಮೀಟರ್‌ನ ನೈಟ್ರೋಜನ್ ಲೇಸರ್. ಸುಮಾರು ಅರ್ಧ ನ್ಯಾನೊಸೆಕೆಂಡಿನ ಬೆಳಕನ್ನು ಲೆನ್ಸ್ ಒಂದು ಗೆರೆಯಾಗಿ ಸ್ಯಾಂಪಲ್ ಮೇಲೆ ಬೀಳಿಸುತ್ತದೆ. ಆ ಜಾಗ ತಟಕ್ಕನೆ ಬಿಸಿಯಾಗಿ ಹಿಗ್ಗುತ್ತದೆ. ಅಲ್ಲಿಂದ ಶಬ್ದದ ಅಲೆಯೊಂದು ಮೇಲ್ಮೈ ಹಿಡಿದು ಓಡುತ್ತದೆ. ಕೆಲವು ಮಿಲಿಮೀಟರ್ ಆಚೆ ಪಿವಿಡಿಎಫ್ ಅನ್ನುವ ಪ್ಲಾಸ್ಟಿಕ್ ಹಾಳೆಯ ಸೆನ್ಸರ್ ಅದನ್ನು ಹಿಡಿಯುತ್ತದೆ. ಕಡಿಮೆ ಫ್ರೀಕ್ವೆನ್ಸಿಯ ಅಲೆ ಆಳಕ್ಕೆ ಇಳಿಯುತ್ತದೆ, ಹೆಚ್ಚಿನದು ಮೇಲೆಮೇಲೇ ಹೋಗುತ್ತದೆ. ಹಾಗಾಗಿ ಕೋಟಿಂಗ್‌ನ ಪ್ರಭಾವ ಹೆಚ್ಚಿನ ಫ್ರೀಕ್ವೆನ್ಸಿಯ ಅಲೆಗೇ ಜಾಸ್ತಿ. ಸಿಲಿಕಾನ್ ಮೇಲೆ ಒಳ್ಳೆಯ ಡಿಎಲ್‌ಸಿ ಇದ್ದರೆ ಫ್ರೀಕ್ವೆನ್ಸಿ ಏರಿದ ಹಾಗೆ ವೇಗವೂ ಏರುತ್ತದೆ. ಪ್ಲಾಸ್ಟಿಕ್‌ನಂಥ ಮೆತ್ತನೆ ಪದರ ಇದ್ದರೆ ಇಳಿಯುತ್ತದೆ. ಈ ಏರಿಳಿತದಿಂದ ಸಾಫ್ಟ್‌ವೇರ್ ಯಂಗ್ಸ್ ಮಾಡ್ಯುಲಸ್, ಅಂದರೆ ಪದರ ಎಷ್ಟು ಬಿಗಿ ಅನ್ನುವ ಅಂಕಿ, ಲೆಕ್ಕ ಹಾಕುತ್ತದೆ. ವಜ್ರದಂಥ ಬಂಧಗಳು ಕಡಿಮೆಯಾದರೆ ಈ ಅಂಕಿ ಇಳಿಯುತ್ತದೆ, ಕೆಟ್ಟ ಬ್ಯಾಚ್ ಸಿಕ್ಕಿಬೀಳುವುದು ಹೀಗೆ.

ಇಷ್ಟು ತೆಳು ಪದರವನ್ನು ಇಷ್ಟು ಉದ್ದದ ಅಲೆ ಗುರುತಿಸುತ್ತದೆ ಅಂದರೆ ನಂಬೋದು ಕಷ್ಟ ಅಲ್ವಾ? ಸಿಲಿಕಾನ್ ಮೇಲೆ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್. 100 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 50 ಮೈಕ್ರಾನ್. ನನ್ನ ಕೋಟಿಂಗ್ 100 ನ್ಯಾನೊಮೀಟರ್, ಅಂದರೆ ಅದರ 500ರಲ್ಲಿ ಒಂದು ಪಾಲು. ಆದರೆ 10 ಮಿಲಿಮೀಟರ್ ದಾಟಲು ಅಲೆಗೆ 2 ಮೈಕ್ರೊಸೆಕೆಂಡ್ ಬೇಕು. ವೇಗ ಸೆಕೆಂಡಿಗೆ ಒಂದೇ ಒಂದು ಮೀಟರ್ ಬದಲಾದರೂ ಸಮಯದಲ್ಲಿ 0.4 ನ್ಯಾನೊಸೆಕೆಂಡ್ ವ್ಯತ್ಯಾಸ ಬರುತ್ತದೆ. ಅಷ್ಟನ್ನು ಅಳೆಯುವ ಎಲೆಕ್ಟ್ರಾನಿಕ್ಸ್ ಇವತ್ತು ಇದೆ.

ಇದೇ ಕೋಟಿಂಗ್‌ಗೆ ನ್ಯಾನೊಇಂಡೆಂಟರ್ (ಚಿಕ್ಕ ಮೊನೆ ಒತ್ತಿ ಅಳೆಯುವ ಯಂತ್ರ) ಹಾಕಿ ನೋಡಿ. ವಜ್ರದ ಮೊನೆ ದಪ್ಪದ ಹತ್ತರಲ್ಲೊಂದು ಭಾಗಕ್ಕಿಂತ ಕೆಳಗೆ ಇಳಿಯಬಾರದು ಅನ್ನುವುದು ರೂಢಿಯ ಲೆಕ್ಕ. ಇಲ್ಲದಿದ್ದರೆ ಕೆಳಗಿನ ಬೇಸ್‌ನ ಗುಣವೂ ಅಂಕಿಯಲ್ಲಿ ಸೇರಿಕೊಳ್ಳುತ್ತದೆ. 100 ನ್ಯಾನೊಮೀಟರ್ ಕೋಟಿಂಗ್‌ಗೆ ಅದು ಬರೀ 10 ನ್ಯಾನೊಮೀಟರ್. ನಮ್ಮ ಉಕ್ಕಿನ ತುಂಡಿನ ಒರಟುತನವೇ ಅಷ್ಟಿರುತ್ತದೆ! ಲಾವೇವ್‌ನಲ್ಲಿ ಈ ರಗಳೆ ಇಲ್ಲ. ಗುಳಿ ಬೀಳುವುದಿಲ್ಲ, ಕೆಲವು ನಿಮಿಷದಲ್ಲಿ ಅಳತೆ ಮುಗಿಯುತ್ತದೆ, ಅದೇ ತುಂಡನ್ನು ಮುಂದಿನ ಪರೀಕ್ಷೆಗೆ ಕೊಡಬಹುದು.

ಇನ್ನು ಕಿರಿಕಿರಿಗಳು. ತೆಳು ಕೋಟಿಂಗ್‌ನಲ್ಲಿ ಗ್ರಾಫ್ ಹೆಚ್ಚುಕಡಿಮೆ ನೇರ ಗೆರೆ. ನೇರ ಗೆರೆಯಿಂದ ಒಂದೇ ಗುಣ ತಿಳಿಯುತ್ತದೆ, ಆದ್ದರಿಂದ ದಪ್ಪವನ್ನೂ ಸಾಂದ್ರತೆಯನ್ನೂ ನಾವೇ ಕೊಡಬೇಕು. ದಪ್ಪ ತಪ್ಪಾಗಿ ಕೊಟ್ಟರೆ ಮಾಡ್ಯುಲಸ್ ಕೂಡ ತಪ್ಪು, ಅದೂ ಎರಡು ದಶಾಂಶದವರೆಗೆ ನೀಟಾಗಿ! ಗೆರೆ ಚೆನ್ನಾಗಿ ಬಾಗಿದ್ದರೆ ಮಾತ್ರ ಒಂದಕ್ಕಿಂತ ಹೆಚ್ಚು ಗುಣ ಸಿಗುತ್ತದೆ. ಎರಡನೆಯದು, ಚಪ್ಪಟೆ ಜಾಗ ಬೇಕು. ಡ್ರಿಲ್ ಬಿಟ್ ಇಟ್ಟು ಅಳೆಯುತ್ತೇನೆ ಅಂದರೆ ಆಗುವುದಿಲ್ಲ, ಪಕ್ಕದಲ್ಲಿ ಟೆಸ್ಟ್ ತುಂಡು ನೇತುಹಾಕಿಯೇ ಕೋಟಿಂಗ್ ಮಾಡಬೇಕು.

ಇದು ಹಾರ್ಡ್‌ನೆಸ್ ಯಂತ್ರವೂ ಅಲ್ಲ. ಡಿಎಲ್‌ಸಿಯಲ್ಲಿ ಹಾರ್ಡ್‌ನೆಸ್ ಅಂದರೆ ಮಾಡ್ಯುಲಸ್‌ನ ಸುಮಾರು ಹತ್ತರಲ್ಲೊಂದು ಭಾಗ ಅಂತ ಅಂದಾಜು ಹಾಕುತ್ತೇವೆ. ಬ್ಯಾಚ್ ಹೋಲಿಸಲು ಸಾಕು, ಗ್ರಾಹಕರಿಗೆ ಸರ್ಟಿಫಿಕೇಟ್ ಬರೆಯಲು ಸಾಲದು. ಅಂದಹಾಗೆ ಈ ವಿಧಾನಕ್ಕೆ ಯುರೋಪಿನ ಮಾನದಂಡವೇ ಇದೆ, ಇಎನ್ 15042-1. ಮಾಡ್ಯುಲಸ್ ಅಂಕಿಗೆ ಅದರ ಹೆಸರು ಹಾಕಬಹುದು.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ದಿನಾ ಡಿಎಲ್‌ಸಿ ಹಾಕುವವರಿಗೆ ಇದು ಬೇಕೇ ಬೇಕು. ದಪ್ಪ ಟಿಐಎನ್ (ಟೈಟಾನಿಯಂ ನೈಟ್ರೈಡ್) ಮಾತ್ರ ಹಾಕುವವರು ಇಂಡೆಂಟರ್‌ನಲ್ಲೇ ಸುಧಾರಿಸಬಹುದು. ಲ್ಯಾಬ್‌ಗೆ ಕಳಿಸಿ ಅಳೆಸುವುದಾದರೆ ಅದೇ ಉಕ್ಕಿನ, ಅದೇ ಹೀಟ್ ಟ್ರೀಟ್‌ಮೆಂಟಿನ, ಕೋಟಿಂಗ್ ಇಲ್ಲದ ಒಂದು ತುಂಡನ್ನೂ ಜೊತೆಗೆ ಹಾಕಿ. ಅವರು ಮೊದಲು ಕೇಳುವುದೇ ಅದನ್ನು.