ಸ್ಪಾನ್ಸರ್ಡ್ ಪೋಸ್ಟ್: ಮಧ್ಯವರ್ತಿ ತಾಣವೋ, ನೇರ ವ್ಯವಹಾರವೋ?

ಸ್ಪಾನ್ಸರ್ಡ್ ಪೋಸ್ಟ್ ಅಂದರೆ ಕಂಪನಿಯಿಂದ ದುಡ್ಡು ಪಡೆದು ಬ್ಲಾಗಿನಲ್ಲಿ ಹಾಕುವ ಬರಹ. ಅದರಿಂದ ದುಡ್ಡು ಬರುವ ದಾರಿಗಳು ಮುಖ್ಯವಾಗಿ ಎರಡು. ಜಾಹೀರಾತುದಾರರನ್ನೂ ಬ್ಲಾಗಿಗರನ್ನೂ ಗಂಟುಹಾಕುವ ಮಧ್ಯವರ್ತಿ ತಾಣದಲ್ಲಿ ಹೆಸರು ನೋಂದಾಯಿಸಿ ಆರ್ಡರ್‌ಗೆ ಕಾಯುವುದು ಒಂದು. ಕಂಪನಿಗೆ ನೇರವಾಗಿ ಬರೆದು ವ್ಯವಹಾರ ಕುದುರಿಸುವುದು ಇನ್ನೊಂದು. ಎರಡನ್ನೂ ನಡೆಸಿ ನೋಡಿದರೆ, ಕಮಿಷನ್ನಿಗಿಂತ ದೊಡ್ಡ ವ್ಯತ್ಯಾಸ ಇರುವುದು ಸರಕಿನಲ್ಲಿ: ಮಧ್ಯವರ್ತಿ ತಾಣದಲ್ಲಿ ಹೆಚ್ಚಾಗಿ ಬಿಕರಿಯಾಗುವುದು ಲಿಂಕ್, ನೇರ ವ್ಯವಹಾರದಲ್ಲಿ ಓದುಗರ ಗಮನ.

ಮಧ್ಯವರ್ತಿ ತಾಣದ ಅನುಕೂಲ ಸಣ್ಣದಲ್ಲ. ಗಿರಾಕಿಯನ್ನು ಹುಡುಕಬೇಕಿಲ್ಲ, ಹಲವು ತಾಣಗಳು ಹಣವನ್ನು ಮೊದಲೇ ಹಿಡಿದಿಟ್ಟುಕೊಂಡು, ಪೋಸ್ಟ್ ಪ್ರಕಟವಾದದ್ದು ಖಾತ್ರಿಯಾದ ಮೇಲೆ ಬಿಡುತ್ತವೆ. ಆದರೆ ಅಲ್ಲಿ ಬೆಲೆ ಕಟ್ಟುವುದು ಸಾಮಾನ್ಯವಾಗಿ ಡೊಮೈನ್ ಅಥಾರಿಟಿ ನೋಡಿ. ಅದು ತಾಣವೊಂದು ಹುಡುಕಾಟದಲ್ಲಿ ಎಷ್ಟು ಮೇಲೆ ಬರಬಹುದೆಂದು ಅಂದಾಜಿಸಿ ಮಾಜ್ ಎಂಬ ಕಂಪನಿ 100ರ ಅಳತೆಯಲ್ಲಿ ಕೊಡುವ ಅಂಕ. ಗೂಗಲ್ ಅದನ್ನು ಬಳಸುವುದಿಲ್ಲ. ನಿಮ್ಮ ಬರಹ ಎಷ್ಟು ಜನ ಓದುತ್ತಾರೆ ಎಂಬುದು ಅಲ್ಲಿ ಎರಡನೇ ಮಾತು.

ಆರ್ಡರ್ ಸುಮಾರಾಗಿ ಹೀಗಿರುತ್ತದೆ: 500 ಪದ, ಎರಡು ಲಿಂಕ್, ಲಿಂಕಿನ ಪದಗಳು ಅವರು ಹೇಳಿದ್ದೇ, ಡೂಫಾಲೋ (ಗಿರಾಕಿಯ ತಾಣವನ್ನು ಹುಡುಕಾಟದಲ್ಲಿ ಮೇಲೇರಿಸಲು ಲೆಕ್ಕಕ್ಕೆ ಬರುವ ಲಿಂಕ್) ಇರಬೇಕು, ‘ಪ್ರಾಯೋಜಿತ’ ಎಂದು ಬರೆಯಬಾರದು. ಎಡವುವುದು ಇಲ್ಲೇ. ದುಡ್ಡು ಪಡೆದು ಹಾಕಿದ ಲಿಂಕಿಗೆ ‘ಸ್ಪಾನ್ಸರ್ಡ್’ ಅಥವಾ ‘ನೋಫಾಲೋ’ ಗುರುತು (ಈ ಲಿಂಕನ್ನು ಹಾಗೆ ಲೆಕ್ಕಕ್ಕೆ ಹಿಡಿಯಬೇಡಿ ಎಂದು ಪುಟದ ಕೋಡ್‌ನಲ್ಲಿ ಹಾಕುವ ಸೂಚನೆ) ಇರಲೇಬೇಕೆಂಬುದು ಗೂಗಲ್‌ನ ನಿಯಮ. ಮೊದಲನೆಯ ಗುರುತು 2019ರ ಸೆಪ್ಟೆಂಬರ್‌ನಲ್ಲಿ ಬಂತು. ಸಿಕ್ಕಿಬಿದ್ದರೆ, ತಾಣದ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ‘ನಿಮ್ಮ ತಾಣದಿಂದ ಅಸಹಜ ಲಿಂಕ್‌ಗಳು’ ಎಂಬ ನೋಟಿಸ್ ಬೀಳುತ್ತದೆ. ಆಗ ಹಳೆಯ ಪೋಸ್ಟ್‌ಗಳನ್ನೆಲ್ಲ ಜಾಲಾಡಿ, ಒಂದೊಂದು ಲಿಂಕಿಗೂ ಗುರುತು ಹಾಕಿ ಇಲ್ಲವೇ ಕಿತ್ತು, ಮರುಪರಿಶೀಲನೆಗೆ ಅರ್ಜಿ ಕೊಡಬೇಕು. ಕಿತ್ತರೆ ಹಳೆಯ ಗಿರಾಕಿ ಹಣ ವಾಪಸ್ ಕೇಳುತ್ತಾನೆ. (2012ರ ಜನವರಿಯಲ್ಲಿ ಇಂಥದೇ ಪ್ರಾಯೋಜಿತ ಪೋಸ್ಟ್‌ಗಳ ಕಾರಣಕ್ಕೆ ಗೂಗಲ್ ತನ್ನದೇ ಕ್ರೋಮ್ ಪುಟವನ್ನು ಹುಡುಕಾಟದಲ್ಲಿ ಕೆಳಗಿಳಿಸಿತ್ತು. ಮನೆಯವರನ್ನೇ ಬಿಡದವರು ನಮ್ಮನ್ನು ಬಿಡುತ್ತಾರೆಯೇ!)

ನೇರ ವ್ಯವಹಾರದಲ್ಲಿ ಈ ತಲೆನೋವು ಕಡಿಮೆ, ಓಡಾಟ ಹೆಚ್ಚು. ಹೆಚ್ಚಿನ ಇಮೇಲ್‌ಗಳಿಗೆ ಉತ್ತರವೇ ಬರುವುದಿಲ್ಲ. ಸಾಮಾನ್ಯ ವಿಳಾಸಕ್ಕಲ್ಲ, ಮಾರ್ಕೆಟಿಂಗ್ ನೋಡಿಕೊಳ್ಳುವವರಿಗೇ ಬರೆಯಿರಿ. ಜೊತೆಗೆ ಒಂದೇ ಪುಟದ ಮೀಡಿಯಾ ಕಿಟ್: ತಿಂಗಳ ಓದುಗರು, ಅವರು ಎಲ್ಲಿಂದ ಬರುತ್ತಾರೆ, ಹಿಂದಿನ ಒಂದು ಪೋಸ್ಟ್‌ನಿಂದ ಆದ ಕ್ಲಿಕ್ ಎಷ್ಟು. ಈ ಕೊನೆಯ ಅಂಕಿಯೇ ದರ ಏರಿಸುವುದು. ಅದಕ್ಕಾಗಿ ಪ್ರತಿ ಪ್ರಾಯೋಜಿತ ಲಿಂಕಿಗೂ ಯುಟಿಎಂ ಬಾಲ (ಓದುಗ ಎಲ್ಲಿಂದ ಬಂದ ಎಂದು ತಿಳಿಸಲು ಲಿಂಕಿನ ವಿಳಾಸದ ಕೊನೆಗೆ ಸೇರಿಸುವ ಗುರುತು) ಅಂಟಿಸಿಡಿ. ಇಲ್ಲದಿದ್ದರೆ ಓದುಗ ನಿಮ್ಮ ಬ್ಲಾಗಿನ ಯಾವ ಪೋಸ್ಟ್‌ನಿಂದ ಬಂದ ಎಂಬುದು ಕಂಪನಿಯ ಲೆಕ್ಕದಲ್ಲಿ ಕಾಣದೇ ಹೋಗಬಹುದು, ಎರಡನೇ ಆರ್ಡರ್ ಕೇಳಲು ನಿಮ್ಮಲ್ಲಿ ಪುರಾವೆ ಇರುವುದಿಲ್ಲ.

ದರ ಹೇಳುವಾಗ ಬರೆಯುವ ಗಂಟೆಗಳ ಕೂಲಿ ಬೇರೆ, ಜಾಗದ ಬಾಡಿಗೆ ಬೇರೆ ಎಂದು ಲೆಕ್ಕ ಹಾಕಿ. ನಿಮ್ಮ ಫೋಟೋಗಳನ್ನು ಅವರ ಜಾಹೀರಾತಿಗೆ ಬಳಸಿಕೊಳ್ಳುವ ಹಕ್ಕು ಕೇಳಿದರೆ, ಇಂತಿಷ್ಟು ತಿಂಗಳು ಎದುರಾಳಿ ಕಂಪನಿಯ ಬಗ್ಗೆ ಬರೆಯಬೇಡಿ ಎಂದರೆ, ಅದಕ್ಕೆ ಪ್ರತ್ಯೇಕ ದುಡ್ಡು. ಬರಹದಲ್ಲಿ ಒಪ್ಪಂದವಿರಲಿ: ಅರ್ಧ ಮುಂಗಡ, ತಿದ್ದುಪಡಿ ಎರಡೇ ಸುತ್ತು, ಪೋಸ್ಟ್ ಉಳಿಯುವ ಅವಧಿ 12 ತಿಂಗಳು, ಬಾಕಿ ಹಣಕ್ಕೆ ಕೊನೆಯ ದಿನ. ತಿದ್ದುಪಡಿಯ ಮಿತಿ ಹಾಕದಿದ್ದರೆ ಕಂಪನಿಯ ಪ್ರತಿ ವಿಭಾಗದವರೂ ಒಂದೊಂದು ಸಾಲು ತುರುಕುತ್ತಾರೆ. ದೋಷ ಹೇಳಿದ ವಾಕ್ಯವನ್ನು ತೆಗೆಸುವ ಒತ್ತಡವೂ ಆಗಲೇ ಬರುವುದು. ಅಭಿಪ್ರಾಯ ಬರೆಯುವವರದೇ ಎಂಬ ಸಾಲು ಒಪ್ಪಂದದಲ್ಲಿದ್ದರೆ ವಾದಕ್ಕೆ ಜಾಗವಿಲ್ಲ. ‘ಇದು ಪ್ರಾಯೋಜಿತ’ ಎಂಬ ಸೂಚನೆ ಪೋಸ್ಟ್‌ನ ತಲೆಯಲ್ಲೇ ಇರಲಿ, ತಳದಲ್ಲಲ್ಲ.

ಅಫಿಲಿಯೇಟ್ ಲಿಂಕನ್ನು (ಅದರ ಮೂಲಕ ಆದ ಮಾರಾಟಕ್ಕೆ ಕಮಿಷನ್ ಕೊಡುವ ಲಿಂಕ್) ಇವೆರಡರ ಪಕ್ಕ ಇಡುವುದು ಸರಿಯಲ್ಲ. ಅಲ್ಲಿ ಮಾರಾಟವಾದರಷ್ಟೇ ಹಣ, ವಸ್ತು ಹಿಂತಿರುಗಿಸಿದರೆ ಅದೂ ಹೋಯಿತು.

ಹೊಸಬರಾದರೆ ಮಧ್ಯವರ್ತಿ ತಾಣದಲ್ಲೇ ಆರಂಭಿಸಿ, ಆದರೆ ಪ್ರೊಫೈಲಿನ ಮೊದಲ ಸಾಲಿನಲ್ಲೇ ‘ಎಲ್ಲ ಲಿಂಕಿಗೂ ಸ್ಪಾನ್ಸರ್ಡ್ ಗುರುತು ಇರುತ್ತದೆ’ ಎಂದು ಬರೆದಿಡಿ. ಆರ್ಡರ್ ಗಣನೀಯವಾಗಿ ಇಳಿಯುತ್ತದೆ. ಉಳಿದ ಗಿರಾಕಿಗಳು ಓದುಗರಿಗಾಗಿಯೇ ಬಂದವರು. ಮುಂದೆ ನೇರವಾಗಿ ಬರೆಯಬೇಕಾದದ್ದು ಅವರಿಗೇ. ತಾಣದ ಹೊರಗೆ ವ್ಯವಹಾರ ಮಾಡಬಾರದೆಂಬ ಷರತ್ತು ಎಷ್ಟು ತಿಂಗಳು ಜಾರಿಯಲ್ಲಿರುತ್ತದೆ ಎಂಬುದನ್ನು ಮಾತ್ರ ಮೊದಲು ಓದಿಕೊಳ್ಳಿ.